ಹೆಸರು ಅಳಿಯುತ್ತದಂತೆ!

ಹೋದ ವರ್ಷ ಬಳಗದವರ ಮನೆಯಲ್ಲಿ ತೊಟ್ಟಿಲ ಕಾರ್ಯ. ಗಂಡು ಕೂಸು ಹುಟ್ಟಿತ್ತು. ಮನೆ ತುಂಬ ರೇಷ್ಮೆ ಸೀರೆ, ನಗು, ಗುಗ್ಗರಿ ಹಂಚುವ ಗದ್ದಲ. ನನ್ನ ಪಕ್ಕ ಕೂತ ಹಿರಿಯ ಹೆಂಗಸೊಬ್ಬರು ಊರು, ಕೇರಿ, ಕೆಲಸ ಎಲ್ಲ ವಿಚಾರಿಸಿ, ಕೊನೆಗೆ ಕೇಳಬೇಕಾದ್ದನ್ನೇ ಕೇಳಿದರು. “ಮಕ್ಕಳೆಷ್ಟು?” “ಇಬ್ಬರು, ಹೆಣ್ಣುಮಕ್ಕಳು” ಎಂದೆ. ಅವರ ಮುಖ ಸಾವಿನ ಮನೆಗೆ ಬಂದವರ ಮುಖದಂತಾಯಿತು. ನನ್ನ ಕೈ ಹಿಡಿದುಕೊಂಡು, “ಅಯ್ಯ, ಹಂಗಾರ ನಿಮ್ಮ ಮನಿತನದ ಹೆಸರು ನಿಮ್ಮಲ್ಲಿಗೇ ಮುಗೀತಲ್ಲವ್ವಾ!” ಎಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಿಜವಾಗಿಯೂ ಮರುಗಿದರು. ಇಪ್ಪತ್ತೈದು ವರ್ಷಗಳಿಂದ ಈ ಮಾತನ್ನು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳುತ್ತಲೇ ಬಂದಿದ್ದೇನೆ. ಪ್ರತಿ ಸಲವೂ ನಕ್ಕು ಸುಮ್ಮನಾಗಿದ್ದೇನೆ. ಆದರೆ ಈ ಸಲ ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಯಾಕೆಂದರೆ ಅದೇ ವಾರ ನನ್ನ ದೊಡ್ಡ ಮಗಳ ಬೀಗರ ಮನೆಯಿಂದ ಫೋನು ಬಂದಿತ್ತು. ಬಹಳ ಒಳ್ಳೆಯ ಜನ. ವರದಕ್ಷಿಣೆಯ ಸುದ್ದಿ ಎತ್ತಲಿಲ್ಲ. ಒಂದೇ ಮಾತು ಹೇಳಿದರು: “ಲಗ್ನ ಆದ ಮ್ಯಾಲೆ ಎಲ್ಲಾ ಕಾಗದದಾಗ ನಮ್ಮ ಅಡ್ಡಹೆಸರು ಹಾಕಿಸಬೇಕು ನೋಡ್ರಿ, ಮನಿತನ ಅಂದಮ್ಯಾಲೆ ಹೆಸರು ಒಂದ ಇರಬೇಕು.” ಮಗಳು ನನ್ನ ಮುಖ ನೋಡಿದಳು. “ಅಮ್ಮಾ, ನೀ ಏನಂತಿ?” ನಾನು ಆಗ ಏನೂ ಅನ್ನಲಿಲ್ಲ. ಈಗ ಅನ್ನುತ್ತೇನೆ.

ಮನೆತನದ ಹೆಸರು ಗಂಡಿನ ರಕ್ತದಲ್ಲಿ ಹರಿಯುತ್ತದೆ, ಹೆಣ್ಣು ಹುಟ್ಟಿದಲ್ಲಿ ಅದು ಬತ್ತುತ್ತದೆ ಎಂಬ ಮಾತು ಸುಳ್ಳು. ನಮ್ಮ ಊರಿನ ಉದಾಹರಣೆ ಕೊಟ್ಟರೆ ಯಾರಾದರೂ ಮುನಿಸಿಕೊಂಡಾರು. ಅದಕ್ಕೇ ದೂರದ ಒಂದು ಮನೆತನದ ಕಥೆ ಹೇಳುತ್ತೇನೆ. ಹೆಸರಿನ ಜಂಬ ಎಂದರೆ ಏನು ಎಂದು ಜಗತ್ತಿಗೇ ಕಲಿಸಿದ ಇಂಗ್ಲೆಂಡಿನ ಮನೆತನ ಅದು.

ಬಿ.ಎ.ಯಲ್ಲಿ ನನಗೆ ಐಚ್ಛಿಕ ಇಂಗ್ಲಿಷ್ ಇತ್ತು. ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗ ಪಠ್ಯ. ಅದರಲ್ಲಿ ಹಾಟ್‌ಸ್ಪರ್ ಎಂಬ ಮುಂಗೋಪಿ ವೀರ ಬರುತ್ತಾನೆ. ಅವನ ನಿಜವಾದ ಹೆಸರು ಹೆನ್ರಿ ಪರ್ಸಿ. 1403ರಲ್ಲಿ ಶ್ರೂಸ್‌ಬರಿಯ ಯುದ್ಧದಲ್ಲಿ ರಾಜನ ವಿರುದ್ಧ ಹೋರಾಡಿ ಸತ್ತವನು. ನಮ್ಮ ತರಗತಿಯ ಹುಡುಗಿಯರೆಲ್ಲ ಅವನಿಗೆ ಮನಸೋತಿದ್ದೆವು. ಎಷ್ಟೋ ವರ್ಷಗಳ ಮೇಲೆ ಮಕ್ಕಳ ಜೊತೆ ಹ್ಯಾರಿ ಪಾಟರ್ ಸಿನಿಮಾ ನೋಡುವಾಗ ಆ ಮಾಂತ್ರಿಕ ಶಾಲೆಯ ಕೋಟೆ ಕಂಡಿತು. 2001ರ ಮೊದಲ ಸಿನಿಮಾದಲ್ಲಿ ಮಕ್ಕಳು ಪೊರಕೆ ಹತ್ತಿ ಹಾರುವುದನ್ನು ಕಲಿಯುತ್ತಾರಲ್ಲ, ಅದನ್ನು ತೆಗೆದದ್ದು ಆಲ್ನಿಕ್ ಎಂದು ಬರೆದು ಆನಿಕ್ ಎಂದು ಓದುವ ಕೋಟೆಯಲ್ಲಿ. ಅದು ಹಾಟ್‌ಸ್ಪರ್‌ನ ಮನೆತನದ ಕೋಟೆ. 1309ರಲ್ಲಿ ಅವರು ಅದನ್ನು ಡರ್ಹಮ್‌ನ ಬಿಷಪ್‌ನಿಂದ ಕೊಂಡರು. ಇಂದಿಗೂ ಅದು ಪರ್ಸಿಗಳದೇ. ಏಳು ನೂರು ವರ್ಷ ಒಂದೇ ಮನೆ, ಒಂದೇ ಹೆಸರು!

ಹೀಗೆ ಬೆರಗಾಗಿ ನಾನು ಪರ್ಸಿಗಳ ಹಿಂದೆ ಬಿದ್ದೆ. ಓದುತ್ತ ಹೋದ ಹಾಗೆ ನಗು ಬಂತು.

ಮೊದಲು ಹೆಸರಿನ ಮೂಲ ನೋಡಿ. ಪರ್ಸಿ ಎಂಬುದು ವೀರನ ಹೆಸರೂ ಅಲ್ಲ, ದೇವರ ಹೆಸರೂ ಅಲ್ಲ, ಒಂದು ಊರಿನ ಹೆಸರು. ಫ್ರಾನ್ಸಿನ ನಾರ್ಮಂಡಿ ಸೀಮೆಯಲ್ಲಿ ಆ ಹೆಸರಿನ ಊರು ಈಗಲೂ ಇದೆ. 1066ರಲ್ಲಿ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ ಬೆನ್ನಿಗೇ ಕಡಲು ದಾಟಿ ಬಂದವರಲ್ಲಿ ‘ಪರ್ಸಿಯ ವಿಲಿಯಂ’ ಒಬ್ಬ. ನಮ್ಮಲ್ಲಿ ಹುಬ್ಬಳ್ಳಿಯವರು, ಗದಗದವರು ಎನ್ನುವುದಿಲ್ಲವೆ? ಹಾಗೆಯೇ. ಹುಬ್ಬಳ್ಳಿಯವರು ಹುಬ್ಬಳ್ಳಿ ಬಿಟ್ಟ ಮೇಲೆಯೇ ಹುಬ್ಬಳ್ಳಿ ಆಗುವುದು. ಊರೊಳಗೇ ಇದ್ದರೆ ಆ ಹೆಸರಿನ ಅಗತ್ಯವೇ ಇಲ್ಲ. ಊರಿನಿಂದ ಬಂದ ಅಡ್ಡಹೆಸರುಗಳಲ್ಲಿ ಹೆಚ್ಚಿನವು ಹೀಗೆ ವಲಸೆಯ ಗುರುತು.

1086ರಲ್ಲಿ ಇಂಗ್ಲೆಂಡಿನ ರಾಜ ಇಡೀ ನಾಡಿನ ಭೂಮಿಯ ದಾಖಲೆ ಮಾಡಿಸಿದ. ಡೂಮ್ಸ್‌ಡೇ ಪುಸ್ತಕ ಎಂದು ಅದಕ್ಕೆ ಹೆಸರು. ಅಷ್ಟರಲ್ಲಿ ಈ ವಿಲಿಯಂ ಯಾರ್ಕ್‌ಷೈರ್ ಮತ್ತು ಲಿಂಕನ್‌ಷೈರ್‌ಗಳಲ್ಲಿ ದೊಡ್ಡ ಜಮೀನುದಾರನಾಗಿದ್ದ. ನಾರ್ಮನ್ನರೆಲ್ಲ ಗಡ್ಡ ಮೀಸೆ ಬೋಳಿಸುತ್ತಿದ್ದ ಕಾಲದಲ್ಲಿ ಇವನು ಮೀಸೆ ಬಿಟ್ಟಿದ್ದನಂತೆ. ಅದಕ್ಕೆ ‘ಮೀಸೆಯವ’ ಎಂಬ ಅಡ್ಡಹೆಸರು ಬಿತ್ತು. ಇಂಗ್ಲಿಷರ ಗಂಡುಮಕ್ಕಳಿಗೆ ಇಡುವ ಆಲ್ಜರ್ನನ್ ಎಂಬ ಠೀವಿಯ ಹೆಸರು ಹುಟ್ಟಿದ್ದು ಆ ಮೀಸೆಯಿಂದ. ನಮ್ಮ ಮೆಣಸಿನಕಾಯಿ, ಉಳ್ಳಾಗಡ್ಡಿ ಮನೆತನದವರು ಇನ್ನು ಮೇಲೆ ನಾಚಿಕೊಳ್ಳಬೇಕಾಗಿಲ್ಲ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಹನ್ನೆರಡನೆಯ ಶತಮಾನ ಮುಗಿಯುವ ಮೊದಲೇ ಪರ್ಸಿಗಳ ಗಂಡು ಸಂತಾನ ನಿಂತುಹೋಯಿತು! ಇನ್ನೊಬ್ಬ ವಿಲಿಯಂ ಪರ್ಸಿ ಸತ್ತಾಗ ಉಳಿದದ್ದು ಇಬ್ಬರು ಹೆಣ್ಣುಮಕ್ಕಳು, ಮಾಡ್ ಮತ್ತು ಆಗ್ನೆಸ್. ತೊಟ್ಟಿಲ ಕಾರ್ಯದ ಆ ಹಿರಿಯರು ಅಲ್ಲಿದ್ದರೆ “ಹೆಸರು ಮುಗೀತಲ್ಲವ್ವಾ” ಎಂದು ಅಳುತ್ತಿದ್ದರು. ಮುಗಿಯಲಿಲ್ಲ. ಮಾಡ್‌ಗೆ ಮಕ್ಕಳಾಗಲಿಲ್ಲ. ಆಗ್ನೆಸ್‌ಳನ್ನು ಜೋಸ್ಲಿನ್ ಎಂಬವನು ಮದುವೆಯಾದ. ಇವನೇನೂ ದಿಕ್ಕಿಲ್ಲದ ಮನೆ ಅಳಿಯನಲ್ಲ. ಈಗಿನ ಬೆಲ್ಜಿಯಂ ದೇಶದ ಲೂವೇನ್ ಸೀಮೆಯ ದೊರೆಯ ಮಗ. ಅವನ ಅಕ್ಕ ಇಂಗ್ಲೆಂಡಿನ ರಾಣಿಯಾಗಿದ್ದವಳು. ಕುಲದಲ್ಲಿ ಪರ್ಸಿಗಳಿಗಿಂತ ಎಷ್ಟೋ ಮೇಲು. ಆದರೂ ಅವನ ಗಂಡುಮಕ್ಕಳು ಅಪ್ಪನ ಮನೆತನದ ಹೆಸರು ಬಿಟ್ಟು ಅವ್ವನ ಹೆಸರು ಹಿಡಿದರು, ಪರ್ಸಿಗಳಾದರು. ಆ ಮಕ್ಕಳಲ್ಲಿ ಒಬ್ಬ ರಿಚರ್ಡ್. ಎಂಟನೆಯ ಇಯತ್ತೆಯ ಮಕ್ಕಳಿಗೂ ಗೊತ್ತಿರುವ 1215ರ ಮ್ಯಾಗ್ನಾ ಕಾರ್ಟಾ ಇದೆಯಲ್ಲ, ಅರಸನ ಅಧಿಕಾರಕ್ಕೆ ಲಗಾಮು ಹಾಕಿದ ಕರಾರು, ಅದನ್ನು ರಾಜ ಪಾಲಿಸುವಂತೆ ಕಾವಲು ನಿಂತ 25 ಸರದಾರರಲ್ಲಿ ಈ ರಿಚರ್ಡ್ ಪರ್ಸಿಯೂ ಒಬ್ಬ. ಅವ್ವನ ಹೆಸರು ಹೊತ್ತದ್ದರಿಂದ ಅವನ ಗಂಡಸುತನಕ್ಕೇನೂ ಕುಂದು ಬರಲಿಲ್ಲ.

ಈಗ ಲೆಕ್ಕ ಹಾಕಿ. ಹಾಟ್‌ಸ್ಪರ್ ಬಂದದ್ದು ಇದಾದ ಎರಡು ಶತಮಾನಗಳ ಮೇಲೆ. ಗಂಡಿನ ರಕ್ತದಿಂದಲೇ ಹೆಸರು ಎಂಬುದು ನಿಯಮವಾದರೆ ಹಾಟ್‌ಸ್ಪರ್ ಪರ್ಸಿಯೇ ಅಲ್ಲ, ಲೂವೇನ್‌ನವ! ನಾವು ಮನಸೋತ ಆ ವೀರ ಅವ್ವನ ಕಡೆಯ ಹೆಸರಿಗೆ ಪ್ರಾಣ ಕೊಟ್ಟವನು.

ಎರಡನೆಯ ಸಲ ಗಂಡು ಸಂತಾನ ನಿಂತದ್ದು 1670ರಲ್ಲಿ. ಆ ಹೊತ್ತಿಗೆ ಪರ್ಸಿಗಳು ನಾರ್ತಂಬರ್‌ಲೆಂಡಿನ ಅರ್ಲ್‌ಗಳು. ಅರ್ಲ್ ಎಂದರೆ ನಮ್ಮ ದೇಸಾಯಿ, ಸರದೇಸಾಯಿಗಳಿಗಿಂತ ದೊಡ್ಡ ಪದವಿ ಎಂದುಕೊಳ್ಳಿ. ಮನೆತನದ ಕಿರಿಯ ಮಗನೊಬ್ಬ, ಜಾರ್ಜ್ ಪರ್ಸಿ, 1607ರಲ್ಲಿಯೇ ಅಮೆರಿಕದ ವರ್ಜೀನಿಯಾಕ್ಕೆ ಹಡಗು ಹತ್ತಿ ಹೋಗಿ ಅಲ್ಲಿನ ಜೇಮ್ಸ್‌ಟೌನ್ ವಸಾಹತಿಗೆ ಮುಖ್ಯಸ್ಥನೂ ಆಗಿದ್ದ. ನಾರ್ಮಂಡಿಯ ಊರಿನ ಹೆಸರು ಹೀಗೆ ಇನ್ನೊಂದು ಕಡಲನ್ನೂ ದಾಟಿತ್ತು. ಇಂಥ ಮನೆತನದ ಹನ್ನೊಂದನೆಯ ಅರ್ಲ್ ಎಳೆಯ ಪ್ರಾಯದಲ್ಲೇ ಇಟಲಿಯ ಟುರಿನ್‌ನಲ್ಲಿ ತೀರಿಕೊಂಡ. ಉಳಿದದ್ದು ಮೂರು ವರ್ಷದ ಒಂದೇ ಹೆಣ್ಣು ಕೂಸು, ಎಲಿಜಬೆತ್.

ಕೂಡಲೇ ಡಬ್ಲಿನ್‌ನಿಂದ ಒಬ್ಬ ಹೊರಟು ಬಂದ. ಹೆಸರು ಜೇಮ್ಸ್ ಪರ್ಸಿ, ಕಸುಬು ಪೆಟ್ಟಿಗೆ ಮಾಡುವುದು. ನಾನೂ ಪರ್ಸಿ, ಗಂಡು ಬೇರೆ, ಆದ್ದರಿಂದ ಪದವಿ ನನಗೆ ಸೇರಬೇಕು ಎಂದು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಕೋರ್ಟು ಕಟ್ಟೆ ಹತ್ತಿದ. ಹೆಸರು ಒಂದೇ ಆದ ಮಾತ್ರಕ್ಕೆ ವಂಶ ಒಂದೇ ಆಗುವುದಿಲ್ಲವೆಂದು 1689ರಲ್ಲಿ ಅವನ ದಾವೆಯನ್ನು ತಳ್ಳಿಹಾಕಿದ್ದಲ್ಲದೆ, ನಾನು ಸುಳ್ಳು ಹಕ್ಕುದಾರ ಎಂಬ ಚೀಟಿಯನ್ನು ಮೈಮೇಲೆ ಅಂಟಿಸಿಕೊಂಡು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ತಿರುಗುವ ಶಿಕ್ಷೆ ಕೊಟ್ಟರು. ಪಾಪ, ಅವನ ತಪ್ಪೇನು? ಹೆಸರೆಂದರೆ ರಕ್ತ ಎಂದು ಊರೆಲ್ಲ ಹೇಳಿದ್ದನ್ನು ನಂಬಿದ್ದೇ ತಪ್ಪು.

ಆ ಕೂಸು ಎಲಿಜಬೆತ್‌ಳ ಕಥೆ ಓದಿದಾಗ ಮಾತ್ರ ನನ್ನ ನಗು ನಿಂತಿತು. ಅಷ್ಟು ಆಸ್ತಿಯ ಒಡತಿಯನ್ನು ಸುಮ್ಮನೆ ಬಿಟ್ಟಾರೆಯೆ? ಹನ್ನೆರಡರಲ್ಲಿ ಮೊದಲ ಮದುವೆ. ಆ ಹುಡುಗ ತನ್ನ ಹೆಸರು ಬಿಟ್ಟು ಪರ್ಸಿ ಎಂದು ಹೆಸರಿಟ್ಟುಕೊಂಡ, ಮರುವರ್ಷವೇ ಸತ್ತ. 1681ರಲ್ಲಿ ಎರಡನೆಯ ಮದುವೆ, ಹಣವಂತನೊಬ್ಬನ ಜೊತೆ. ಅವನನ್ನು ತಾಳಲಾರದೆ ಅವಳು ಹಾಲೆಂಡಿಗೆ ಓಡಿಹೋದಳು. ಮರುವರ್ಷ ಫೆಬ್ರವರಿಯಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅದೇ 1682ರ ಮೇ ತಿಂಗಳಲ್ಲಿ ಮೂರನೆಯ ಮದುವೆ, ಸಾಮರ್‌ಸೆಟ್‌ನ ಡ್ಯೂಕ್ ಜೊತೆ. ಆಗ ಅವಳಿಗೆ ವಯಸ್ಸು ಹದಿನೈದು. ನನ್ನ ಹತ್ತನೆಯ ತರಗತಿಯ ಹುಡುಗಿಯರ ವಯಸ್ಸು. ಅಷ್ಟರೊಳಗೆ ಮೂರು ಮದುವೆ, ಎರಡು ವೈಧವ್ಯ.

ಆದ್ದರಿಂದ ಇದನ್ನೆಲ್ಲ ಹೆಣ್ಣಿನ ಗೆಲುವಿನ ಕಥೆ ಎಂದು ನಾನು ಹೇಳುತ್ತಿಲ್ಲ. ಡ್ಯೂಕ್ ಕೂಡ ತನ್ನ ಸೇಮೋರ್ ಎಂಬ ಹೆಸರು ಬಿಟ್ಟು ಪರ್ಸಿ ಆಗಬೇಕೆಂದು ಮದುವೆಯ ಕರಾರಿನಲ್ಲಿಯೇ ಬರೆದಿತ್ತು. ವಯಸ್ಸಿಗೆ ಬಂದ ಮೇಲೆ ಎಲಿಜಬೆತ್ ಅವನನ್ನು ಆ ಷರತ್ತಿನಿಂದ ಬಿಡುಗಡೆ ಮಾಡಿದಳು. ಕೈಯಲ್ಲಿ ಕರಾರಿದ್ದರೂ ಹೆಸರು ಬಿಟ್ಟುಕೊಟ್ಟವಳು ಹೆಣ್ಣೇ. ಓದುವಾಗ ನನಗೆ ನನ್ನದೇ ನೆನಪಾಯಿತು.

ಆದರೂ ಕಥೆ ಮುಗಿಯಲಿಲ್ಲ. ಎಲಿಜಬೆತ್‌ಳ ಮೊಮ್ಮಗ ಮದುವೆಗೆ ಮೊದಲೇ 1744ರಲ್ಲಿ ತೀರಿಕೊಂಡ. ಉಳಿದವಳು ಮೊಮ್ಮಗಳು. ಅವಳ ಹೆಸರೂ ಎಲಿಜಬೆತ್. ಅವಳ ಗಂಡ ಯಾರ್ಕ್‌ಷೈರಿನ ಹ್ಯೂ ಸ್ಮಿತ್‌ಸನ್. ಸ್ಮಿತ್‌ಸನ್ ಎಂದರೆ ಏನು ಗೊತ್ತೆ? ಕಮ್ಮಾರನ ಮಗ. ಈ ಕಮ್ಮಾರನ ಮಗ 1750ರಲ್ಲಿ ಹೆಂಡತಿಯ ಅಜ್ಜಿಯ ಮನೆತನದ ಹೆಸರು ಧರಿಸಿದ. ಅದೂ ಸುಮ್ಮನೆ ಅಲ್ಲ, ಪಾರ್ಲಿಮೆಂಟಿನಲ್ಲಿ ಅದಕ್ಕೆಂದೇ ಒಂದು ಕಾಯಿದೆ ಮಾಡಿಸಿಕೊಂಡು! ರಾತ್ರಿ ಸ್ಮಿತ್‌ಸನ್, ಬೆಳಗಾದರೆ ಪರ್ಸಿ. 1766ರಲ್ಲಿ ಡ್ಯೂಕ್ ಆದ. ಇಂದು ಆ ಕೋಟೆಯಲ್ಲಿರುವ ಪರ್ಸಿಗಳು ಇವನ ಸಂತತಿ. ಏಳು ನೂರು ವರ್ಷ ಒಂದೇ ಹೆಸರು ಎಂದು ನಾನು ಬೆರಗಾದೆನಲ್ಲ, ಆ ಹೆಸರನ್ನು ಇಲ್ಲಿಯವರೆಗೆ ದಾಟಿಸಿದ್ದು ಆಗ್ನೆಸ್ ಮತ್ತು ಇಬ್ಬರು ಎಲಿಜಬೆತ್‌ಗಳು.

ಇನ್ನೊಂದು ಸಣ್ಣ ಕಥೆ ಕೇಳಿ. ಈ ಹ್ಯೂ ಮಹಾಶಯನಿಗೆ ಮದುವೆಯ ಹೊರಗೆ ಒಬ್ಬ ಮಗನಿದ್ದ, ಜೇಮ್ಸ್. ಪರ್ಸಿ ಎಂಬ ಹೆಸರು ಅವನಿಗೆ ಸಿಗಲಿಲ್ಲ. ಮೂವತ್ತು ದಾಟುವವರೆಗೂ ಅವನು ತಾಯಿಯ ಹೆಸರಿನಲ್ಲಿ ಮೇಸಿ ಆಗಿದ್ದ. 1800ರಲ್ಲಿ ತಾಯಿ ತೀರಿದ ಮೇಲೆ, ಅಪ್ಪ ಬಿಟ್ಟುಹೋಗಿದ್ದ ಹಳೆಯ ಹೆಸರನ್ನು ಎತ್ತಿಕೊಂಡು ಸ್ಮಿತ್‌ಸನ್ ಆದ. ವಿಜ್ಞಾನಿ, ಮದುವೆಯಾಗಲಿಲ್ಲ. ಅವನು ಬರೆದಿಟ್ಟ ಉಯಿಲಿನಂತೆ ಆಸ್ತಿಯೆಲ್ಲ ಕೊನೆಗೆ ಅವನು ಕಾಲೇ ಇಡದ ಅಮೆರಿಕಕ್ಕೆ ಹೋಯಿತು. ಅದರಿಂದ 1846ರಲ್ಲಿ ವಾಷಿಂಗ್ಟನ್ ನಗರದಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಹುಟ್ಟಿತು. ಇಂದು ಅದು ಜಗತ್ತಿನ ಬಹು ದೊಡ್ಡ ವಸ್ತುಸಂಗ್ರಹಾಲಯಗಳ ಸಮೂಹ. ಡ್ಯೂಕ್ ಬೇಡವೆಂದು ಬಿಸಾಡಿದ ಕಮ್ಮಾರನ ಹೆಸರು ಡ್ಯೂಕ್‌ನ ಹೆಸರಿಗಿಂತ ಹೆಚ್ಚು ಬಾಳಿತು. ಅದೂ ಮಕ್ಕಳಿಲ್ಲದವನಿಂದ.

ಹಾಗಾದರೆ ಹೆಸರು ಯಾರ ಹಿಂದೆ ಹೋಗುತ್ತದೆ? ರಕ್ತದ ಹಿಂದೆ ಹೋಗುವುದಿಲ್ಲ. ಜಮೀನಿನ ಹಿಂದೆ ಹೋಗುತ್ತದೆ. ಆಸ್ತಿ ಗಂಡಿನ ಕೈಯಲ್ಲಿದ್ದಾಗ ಹೆಂಡತಿ ಹೆಸರು ಬದಲಿಸಿದಳು. ಆಸ್ತಿ ಹೆಣ್ಣಿನ ಹೆಸರಿನಲ್ಲಿದ್ದಾಗ ಗಂಡ ಬದಲಿಸಿದ. ಹಾಗೆ ಬದಲಿಸುವಾಗ ಧರ್ಮ ಕೆಡಲಿಲ್ಲ, ಪಿತೃಗಳು ಮುನಿಯಲಿಲ್ಲ. ಆದರೆ ಆಸ್ತಿಯಿಲ್ಲದ ಸಾಮಾನ್ಯ ಇಂಗ್ಲಿಷ್ ಹೆಂಗಸಿನ ಗತಿ ನೋಡಿ. ಮದುವೆಯಾದ ಹೆಣ್ಣಿಗೆ ಅಲ್ಲಿನ ಕಾನೂನಿನ ಕಣ್ಣಿನಲ್ಲಿ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇರಲಿಲ್ಲ. 1870 ಮತ್ತು 1882ರ ಕಾಯಿದೆಗಳು ಬರುವತನಕ ಅವಳ ದುಡಿಮೆ ಅವಳದಾಗಿರಲಿಲ್ಲ. ಹೆಸರು ಬದಲಿಸುವ ಪದ್ಧತಿ ಆ ಕಾನೂನಿನ ನೆರಳು. ಕಾನೂನು ಹೋಯಿತು, ನೆರಳು ಉಳಿಯಿತು.

ನಮ್ಮಲ್ಲಿ? ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಮಗುವಿನ ಅಡ್ಡಹೆಸರನ್ನು ಗೊತ್ತುಮಾಡುವ ಹಕ್ಕು ಗಂಡ ತೀರಿಹೋದ ಮೇಲೆ ತಾಯಿಗಿದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ನಮ್ಮ ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಬಳಿ ಬರುವುದೇ ತಾಯಿಯಿಂದ. ಅವರ ಮನೆತನಗಳೇನು ಮುಳುಗಿಹೋದವೆ? ಇನ್ನು ಆಸ್ತಿ. ಕರ್ನಾಟಕದಲ್ಲಿ 1994ರಲ್ಲಿಯೇ, ಇಡೀ ದೇಶಕ್ಕೆ 2005ರಲ್ಲಿ, ಪಿತ್ರಾರ್ಜಿತದಲ್ಲಿ ಹೆಣ್ಣುಮಗಳಿಗೂ ಗಂಡುಮಗನಷ್ಟೇ ಪಾಲು ಎಂದು ಕಾನೂನಾಯಿತು. ಆದರೆ ಪಂಚಮಿ ಹಬ್ಬಕ್ಕೆಂದು ತವರಿಗೆ ಕರೆದು, ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಕಳಿಸುವ ಮನೆಗಳು ಎಷ್ಟಿವೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ತವರಿನ ಹೊಲವನ್ನೂ ಬಿಡಬೇಕು, ತವರಿನ ಹೆಸರನ್ನೂ ಬಿಡಬೇಕು. ಆಮೇಲೆ ‘ಹೆಣ್ಣಿನಿಂದ ಮನೆತನ ಉಳಿಯೋದಿಲ್ಲ’ ಎಂಬ ಮಾತನ್ನೂ ಕೇಳಬೇಕು! ಕೈಕಟ್ಟಿ ನೀರಿಗೆ ನೂಕಿ, ಇವಳಿಗೆ ಈಜು ಬರುವುದಿಲ್ಲ ಎಂದು ಹೇಳಿದ ಹಾಗೆ.

ಹೆಸರು ತಾನೆ, ಇಷ್ಟೇಕೆ ಕೂಗಾಟ ಎನ್ನುತ್ತೀರಾ? ಈ ಹೆಸರಿನ ಹಂಬಲಕ್ಕೆ ಬಲಿಯಾಗುವುದು ಏನೆಂದು ನೋಡಿ. 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ, ಬೆಲ್ಲ ಮಾಡುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಆ ಪತ್ತೆ ಅಪರಾಧವೆಂದು ಕಾನೂನಾದದ್ದು 1994ರಲ್ಲಿ. ಅಲ್ಲಿಗೆ ಹೋದವರನ್ನು ಕೇಳಿದರೆ ವರದಕ್ಷಿಣೆಯ ಭಯ, ಮುಪ್ಪಿನ ಭಯ ಎಂದು ನೂರು ಹೇಳಬಹುದು. ‘ವಂಶದ ಹೆಸರು ಉಳಿಯಬೇಕಲ್ಲ’ ಎಂಬ ಮಾತೂ ಆ ನೂರರಲ್ಲಿ ಒಂದಾಗಿರುತ್ತದೆ. ತೊಟ್ಟಿಲ ಪಕ್ಕದ ಮರುಕ ಅಲ್ಲಿಯವರೆಗೂ ನಡೆದುಹೋಗಬಲ್ಲದು.

ನನ್ನ ಮಾತನ್ನೂ ಹೇಳಿ ಮುಗಿಸುತ್ತೇನೆ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಬಂಗಾರದ ಉಂಗುರದಿಂದ ನನ್ನ ಹೊಸ ಹೆಸರು ಬರೆಸಿದರು. ಅಡ್ಡಹೆಸರು ಮಾತ್ರ ಅಲ್ಲ, ಅವ್ವ ಕರೆಯುತ್ತಿದ್ದ ಹೆಸರೂ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು; ನಾನೂ ನಾಚಿ ನಕ್ಕೆ. ಬಿ.ಎ. ಪದವಿ ಒಂದು ಹೆಸರಿನಲ್ಲಿ, ಮದುವೆಯ ಮೇಲೆ ಮಾಡಿದ ಬಿ.ಎಡ್. ಇನ್ನೊಂದು ಹೆಸರಿನಲ್ಲಿ. ಕೆಲಸಕ್ಕೆ ಸೇರಿದ ಮೇಲೆ ಒಂದು ಕಚೇರಿಯ ಗುಮಾಸ್ತರು ಎರಡೂ ಪ್ರಮಾಣಪತ್ರ ಪಕ್ಕಪಕ್ಕ ಇಟ್ಟು, “ಈ ಬಿ.ಎ. ಪಾಸಾದಾಕಿ ನೀವs ಅನ್ನಲಿಕ್ಕೆ ಏನು ಪುರಾವೆ?” ಎಂದು ಕೇಳಿದರು. ಅಫಿಡವಿಟ್ಟು, ಪತ್ರಿಕೆಯಲ್ಲಿ ಪ್ರಕಟಣೆ, ನೋಟರಿ ಎಂದು ಏಳು ತಿಂಗಳು ಅಲೆದೆ. ನಾನು ನಾನೇ ಎಂದು ಸಾಬೀತು ಮಾಡಲು! ನನ್ನ ಗಂಡನನ್ನು ಇಂಥ ಪ್ರಶ್ನೆ ಯಾರೂ ಯಾವತ್ತೂ ಕೇಳಿಲ್ಲ. ಅವರು ಒಳ್ಳೆಯವರು, ನನ್ನ ಜೊತೆ ಕಚೇರಿ ಕಚೇರಿಗೆ ಬಂದರು. ಹೆಸರು ಬದಲಿಸುವುದು ಬೇಡವಾಗಿತ್ತು ಎಂದು ಒಂದು ಸಲ ಅವರೇ ಅಂದರು. ಅನ್ನುವ ಹೊತ್ತಿಗೆ ತಟ್ಟೆಯ ಅಕ್ಕಿ ಅನ್ನವಾಗಿ ವರ್ಷಗಳಾಗಿದ್ದವು.

ಹಾಗೆಂದು ಗಂಡನ ಹೆಸರು ಪ್ರೀತಿಯಿಂದ ಇಟ್ಟುಕೊಂಡ ಅಕ್ಕತಂಗಿಯರನ್ನು ನಾನು ದೂರುವುದಿಲ್ಲ. ಇಷ್ಟವಿದ್ದರೆ ಇಟ್ಟುಕೊಳ್ಳಿ. ಆದರೆ ಅದು ಇಷ್ಟವಾಗಿರಲಿ, ಷರತ್ತಾಗದಿರಲಿ. ಮನೆತನದ ಹೆಸರು ಉಳಿಯಬೇಕೆಂಬ ಆಸೆ ತಪ್ಪಲ್ಲ. ನಮ್ಮ ಮಾವನವರ ಹೆಸರು ಉಳಿಯಲಿ ಎಂದು ನನಗೂ ಇದೆ. ಉಳಿಸಲು ನನ್ನ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಆಗ್ನೆಸ್‌ಳಿಂದ ಆದದ್ದು ಅವರಿಂದ ಆಗದೆ?

ಮೊನ್ನೆ ಭಾನುವಾರ ಬೀಗರಿಗೆ ನಾನೇ ಫೋನು ಮಾಡಿದೆ. “ಹುಡುಗಿ ಮಾರ್ಕ್ಸ್ ಕಾರ್ಡಿನಾಗ ಇದ್ದ ಹೆಸರs ಕಡೀತನಕಾ ಇರತೈತ್ರಿ. ಒಪ್ಪಿಗೆ ಆದ್ರ ಲಗ್ನದ ಕಾರ್ಡು ಹಂಗs ಅಚ್ಚು ಹಾಕಸೋಣ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ವಿಚಾರ ಮಾಡಿ ಹೇಳುತ್ತೇವೆ ಎಂದರು. ವಿಚಾರ ಮಾಡಲಿ. ನನ್ನ ಮಗಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಒಳಗೆ ಹೋಗಿ ನನಗೊಂದು ಲೋಟ ಚಹಾ ತಂದುಕೊಟ್ಟಳು.